ಬೋರಿಬಂದರದ ಗಡಿಯಾರದ ಕೆಳಗೆ

ಸೊಲ್ಲಾಪುರ, ಅಕ್ಕಲಕೋಟೆ, ದುಧನಿ ಕಡೆಯ ನಮ್ಮ ವ್ಯಾಪಾರಸ್ಥ ಮನೆತನಗಳಲ್ಲಿ ಮುಂಬಯಿಯ ವ್ಹಿ.ಟಿ. ಸ್ಟೇಶನ್ನಿನ ನೆನಪು ಇಲ್ಲದ ಮನೆ ಸಿಗುವುದು ಕಠಿಣ. ಅರಿವೆ ಅಂಗಡಿಯವರು ಖರೀದಿಗೆ ಹೋದರು, ಭಾಂಡೆ ಅಂಗಡಿಯವರು ತಾಮ್ರ ಹಿತ್ತಾಳೆ ತರಲು ಹೋದರು, ಕಾಳುಕಡಿಯವರು ಧಾರಣೆ ಕೇಳಲು ಹೋದರು. ಎಲ್ಲರೂ ಇಳಿದದ್ದು ಅಲ್ಲಿಯೇ. ನಮ್ಮ ಅಜ್ಜ ಅದಕ್ಕೆ ಕೊನೆಯವರೆಗೂ 'ಬೋರಿಬಂದರ' ಎನ್ನುತ್ತಿದ್ದರು. ನಮ್ಮ ತೀರ್ಥರೂಪರು 'ವ್ಹಿ.ಟಿ.' ಎಂದರು. ಮಕ್ಕಳು 'ಸಿ.ಎಸ್.ಟಿ.' ಎಂದರು. ಈಗ ಮೊಮ್ಮಗ 'ಸಿ.ಎಸ್.ಎಂ.ಟಿ.' ಎನ್ನುತ್ತಾನೆ. ಒಂದೇ ಕಟ್ಟಡ, ನಾಲ್ಕು ತಲೆಮಾರು, ನಾಲ್ಕು ಹೆಸರು. ಆ ಕಟ್ಟಡದ ವಿಷಯವನ್ನೂ, ಅದರ ಗಡಿಯಾರದ ಕೆಳಗೆ ನಮ್ಮ ಮನೆತನಕ್ಕೆ ಆದ ಅನುಭವವನ್ನೂ ವಾಚಕ ಬಂಧುಗಳ ಮುಂದೆ ಇಡಬೇಕೆಂದು ಬಹಳ ದಿನಗಳಿಂದ ಮನಸ್ಸಿತ್ತು. ನಾನು ಮ್ಯಾಟ್ರಿಕ್ ಮುಗಿಸಿ ಅಂಗಡಿಯ ಗಾದಿಗೆ ಕುಳಿತವನು, ಲೇಖಕನಲ್ಲ. ತಪ್ಪಿದ್ದರೆ ಮನ್ನಿಸಬೇಕು.

ಮೊದಲ ಪ್ರವಾಸ

ಅದು 1977ನೆಯ ಇಸವಿ. ದಶಲಕ್ಷಣ ಪರ್ವ ಮುಗಿದು ದೀಪಾವಳಿ ಖರೀದಿಯ ದಿನಗಳು ಬಂದಿದ್ದವು. ನನಗೆ ಆಗ ಹದಿನೇಳು ವರ್ಷ. 'ಈ ಸಲ ನೀನೂ ಬಾ, ಪೇಟೆ ಹ್ಯಾಂಗ ಐತಿ ನೋಡು' ಎಂದು ತೀರ್ಥರೂಪರು ನನ್ನನ್ನು ಕರೆದುಕೊಂಡು ಹೊರಟರು. ಸೂರ್ಯ ಮುಳುಗುವ ಮೊದಲೇ ಊಟ ಮುಗಿಸಿ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಸ್ಸು, ಅಲ್ಲಿಂದ ರಾತ್ರಿ ಗಾಡಿ. ಅವ್ವ ಮರುದಿನಕ್ಕೆಂದು ದಶಮಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿ ಕಟ್ಟಿದ್ದಳು. ತಂಬಿಗೆಯಲ್ಲಿ ಸೋಸಿದ ನೀರು. ಪುಣೆಯಲ್ಲಿ ಡೀಸೆಲ್ ಇಂಜಿನ್ನು ಬಿಚ್ಚಿ ಕರೆಂಟಿನ ಇಂಜಿನ್ನು ಹಚ್ಚುತ್ತಿದ್ದ ಕಾಲವದು. ಆ ಸಪ್ಪಳಕ್ಕೆ ಎಚ್ಚರವಾದ ನನಗೆ ಮುಂದೆ ನಿದ್ದೆಯೇ ಬರಲಿಲ್ಲ. ಖಂಡಾಲ ಘಟ್ಟದ ಬೋಗದೆಗಳಲ್ಲಿ ಗಾಡಿ ಇಳಿಯುವಾಗ ಕಿಟಕಿಗೆ ಮುಖ ಹಚ್ಚಿ ಕುಳಿತಿದ್ದೆ.

ಮಾರ್ಕೆಟ್ಟಿನ ಬಾಕಿ ತೀರಿಸಲು ತಂದ ನಾಲ್ಕು ಸಾವಿರ ರೂಪಾಯಿಯನ್ನು ತೀರ್ಥರೂಪರು ನನ್ನ ನಡುವಿಗೆ ಚೀಲದಲ್ಲಿ ಕಟ್ಟಿದ್ದರು. 'ಹುಡುಗನ ಕಡೆ ರೊಕ್ಕ ಇರತೈತಿ ಅಂತ ಯಾರಿಗೂ ಸಂಶಯ ಬರಂಗಿಲ್ಲ' ಎಂಬುದು ಅವರ ಲೆಕ್ಕ. ಆ ಕಾಲಕ್ಕೆ ಅದು ನಮ್ಮ ಅಂಗಡಿಯ ಒಂದು ಹಂಗಾಮಿನ ಬಂಡವಾಳ. ಗಾಡಿ ಇಳಿಯುವ ಮೊದಲು ಒಂದೇ ಮಾತು ಹೇಳಿದರು: 'ಗದ್ದಲದಾಗ ಕೈ ಬಿಟ್ಟು ಹೋತಂದ್ರ ಹುಡಕಾಕ ಹೋಗಬ್ಯಾಡ. ಹೊರಗ ದೊಡ್ಡ ಗಡಿಯಾರ ಐತಿ. ಅದರ ಕೆಳಗ ಗೇಟಿನ ಹತ್ರ ಕಲ್ಲಿನ ಹುಲಿ ಐತಿ. ಅಲ್ಲಿ ಬಂದು ನಿಂದ್ರು. ನಾನು ಬರೂತನಕ ಅಲುಗಾಡಬ್ಯಾಡ.'

ಹೊರಗೆ ಬಂದು ತಲೆಯೆತ್ತಿ ನೋಡಿದೆ. ಅಂಥ ಕಟ್ಟಡ ನಾನು ಕಂಡಿರಲೇ ಇಲ್ಲ. ಗುಮ್ಮಟ, ಶಿಖರಗಳು, ಕಮಾನುಗಳು, ಕಲ್ಲಿನಲ್ಲಿ ಕೆತ್ತಿದ ನವಿಲು, ಮಂಗ, ಎಲೆ ಬಳ್ಳಿಗಳು. ಒಂದೊಂದನ್ನೇ ಎಣಿಸುತ್ತ ನಿಂತೆ. ಕಣ್ಣು ಕೆಳಗಿಳಿಸಿದಾಗ ತೀರ್ಥರೂಪರು ಕಾಣಲಿಲ್ಲ. ಜನರ ಜೊತೆಗೆ ಅವರು ರಸ್ತೆ ದಾಟಿ ಹೋಗಿದ್ದರು, ನಾನು ಬೆನ್ನ ಹಿಂದೆ ಇದ್ದೇನೆಂದು ತಿಳಿದು. ಎದೆ ಧಸ್ಸೆಂದಿತು. ಯಾರೋ ಒಬ್ಬ ಹತ್ತಿರ ಬಂದು, 'ನಿಮ್ಮಪ್ಪನ್ನ ನಾ ತೋರಸ್ತೀನಿ ಬಾ' ಎಂದು ಮರಾಠಿಯಲ್ಲಿ ಹೇಳಿದ. ಒಳ್ಳೆಯವನೋ ಕೆಟ್ಟವನೋ ಇವತ್ತಿಗೂ ನಾನು ಹೇಳಲಾರೆ. ನಡುವಿನ ಚೀಲ ಹಿಡಿದುಕೊಂಡು ತಲೆಯಲ್ಲಾಡಿಸಿದೆ. ಗಡಿಯಾರ ಹುಡುಕಿದೆ, ಕಲ್ಲಿನ ಹುಲಿ ಹುಡುಕಿದೆ, ಅಲ್ಲಿ ನಿಂತೆ. ಮುಳ್ಳು ಮುಕ್ಕಾಲು ಸುತ್ತು ತಿರುಗಿದ ಮೇಲೆ ತೀರ್ಥರೂಪರು ಬೆವರಿನಲ್ಲಿ ತೊಯ್ದು ಬಂದರು. ಬಂದವರು ಚೀಲ ಮುಟ್ಟಿ ನೋಡಲಿಲ್ಲ, ನನ್ನ ಮುಖ ಮುಟ್ಟಿ ನೋಡಿದರು. 'ಹೇಳಿದ್ದು ಕೇಳಿದಿ' ಎಂದಷ್ಟೇ ಅಂದರು. ಅಲ್ಲಿಂದ ಸಿ.ಪಿ. ಟ್ಯಾಂಕಿನ ಹೀರಾಬಾಗ ಧರ್ಮಶಾಲೆಗೆ ಹೋಗಿ ಸ್ನಾನ, ದರ್ಶನ ಮುಗಿಸಿ ಮೂಳಜಿ ಜೇಠಾ ಮಾರ್ಕೆಟ್ಟಿಗೆ ನಡೆದೆವು.

ಅಂದಿನಿಂದ ಅದು ನಮ್ಮ ಮನೆಯ ನಿಯಮವಾಯಿತು. ಮುಂಬಯಿಗೆ ಯಾರೇ ಹೊಸದಾಗಿ ಹೊರಟರೂ, 'ತಪ್ಪಿಸಿಕೊಂಡ್ರ ಗಡಿಯಾರದ ಕೆಳಗ' ಎಂದು ಹೇಳಿಯೇ ಕಳಿಸುತ್ತಿದ್ದೆವು.

ಹಳಿ ಬಂದ ದಾರಿ

ಈ ಸ್ಟೇಶನ್ನಿಗೂ ನಮ್ಮ ಸೀಮೆಗೂ ಇರುವ ಸಂಬಂಧ ಇಂದಿನದಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಯವರೆಗೆ ದೇಶದ ಮೊದಲ ಪ್ರಯಾಣಿಕರ ಗಾಡಿ ಓಡಿತು. 34 ಕಿಲೋಮೀಟರ್ ದಾರಿ, 14 ಡಬ್ಬಿ, ಸುಮಾರು 400 ಜನ ಆಮಂತ್ರಿತರು. ಸಾಹಿಬ್, ಸಿಂಧ್, ಸುಲ್ತಾನ್ ಎಂಬ ಮೂರು ಇಂಜಿನ್ನುಗಳು ಅದನ್ನು ಎಳೆದವು. ಬೋರಿ ಎಂದರೆ ಚೀಲ, ಬಂದರಿನಲ್ಲಿ ಚೀಲ ಇಳಿಸುವ ಜಾಗವಾದ್ದರಿಂದ ಬೋರಿಬಂದರ ಎಂದು ನಮ್ಮ ಅಜ್ಜ ಹೇಳುತ್ತಿದ್ದರು. ಹೆಸರು ಹೇಗೇ ಬಂದಿರಲಿ, ಅಲ್ಲಿ ಆಗ ಇದ್ದದ್ದು ಸಾಧಾರಣ ನಿಲ್ದಾಣ. ಈಗಿನ ಅರಮನೆಯಲ್ಲ.

ಹಳಿ ಹಾಕಿದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೇಲ್ವೆ, ನಮ್ಮ ಹಿರಿಯರ ಬಾಯಲ್ಲಿ 'ಜಿ.ಐ.ಪಿ.'. ಈ ಕಂಪನಿ ವಿಲಾಯತಿಯದಾದರೂ ರೇಲ್ವೆ ಬರಬೇಕೆಂದು ಮುಂಬಯಿಯಲ್ಲಿ ಮೊದಲೇ ಓಡಾಡಿದವರಲ್ಲಿ ನಮ್ಮ ದೇಶದ ಇಬ್ಬರು ದೊಡ್ಡ ವ್ಯಾಪಾರಿಗಳಿದ್ದರು. ಒಬ್ಬರು ಜಗನ್ನಾಥ ಶಂಕರಶೇಟ, ಇನ್ನೊಬ್ಬರು ಪಾರ್ಸಿ ದಾನಶೂರ ಸರ್ ಜಮ್ಶೆಟ್ಜಿ ಜೀಜೀಭಾಯ್. ಈಗಿನ ಕಟ್ಟಡದ ಮುಂಭಾಗದ ಗೋಡೆಯಲ್ಲಿ ಇಬ್ಬರ ಮುಖಗಳನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ವಿಲಾಯತಿ ಸಾಹೇಬರ ಸಾಲಿನಲ್ಲಿ ಪಗಡಿ ಸುತ್ತಿದ ವ್ಯಾಪಾರಿಗಳ ಮುಖ ಕಂಡಾಗ ನಮಗೂ ಒಂದಿಷ್ಟು ಅಭಿಮಾನವೆನಿಸುತ್ತದೆ.

ಹಳಿ 1860ರಲ್ಲಿ ಸೊಲ್ಲಾಪುರ ಮುಟ್ಟಿತು. ಆದರೆ ಆಗ ಮಧ್ಯದಲ್ಲಿ ಘಟ್ಟ ಉಳಿದಿತ್ತು. ಮುಂಬಯಿಯಿಂದ ಬಂದವರು ಘಟ್ಟದ ಬುಡದಲ್ಲಿ ಇಳಿದು ಮೇಣೆಯಲ್ಲೋ ತಟ್ಟಿನ ಮೇಲೋ ಖಂಡಾಲ ಹತ್ತಿ, ಅಲ್ಲಿಂದ ಮತ್ತೆ ಗಾಡಿ ಹಿಡಿಯಬೇಕಾಗಿತ್ತು. 1863ರಲ್ಲಿ ಭೋರಘಾಟದ ಹಳಿ ಮುಗಿದ ಮೇಲೆಯೇ ಸೊಲ್ಲಾಪುರದಲ್ಲಿ ತುಂಬಿದ ಸರಕು ಇಳಿಸದೆ ಮುಂಬಯಿ ಸೇರುವಂತಾಯಿತು. ಗಾಡಿ 37 ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ ಏರುವಷ್ಟು ಕಡಿದಾದ ಘಟ್ಟವದು. ಮುಂಬಯಿಯಿಂದ ತಿರುಗಿ ಬರುವಾಗ ಕರ್ಜತದಲ್ಲಿ ಗಾಡಿಯ ಹಿಂದೆ ಬೇರೆ ಇಂಜಿನ್ನು ಹಚ್ಚಿ ಲೋಣಾವಳದವರೆಗೆ ನೂಕುವುದನ್ನು ವಾಚಕರು ನೋಡಿರಬಹುದು. ಆ ಘಟ್ಟದಲ್ಲಿ ಕಲ್ಲು ಒಡೆಯುತ್ತ, ಬೇನೆ ಬಿದ್ದು ಸತ್ತ ಕೂಲಿಯವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಹಳಿ ಮುಂದೆ ಅಕ್ಕಲಕೋಟೆ ರೋಡ, ಕಲಬುರ್ಗಿ ದಾಟಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಕಡೆಯ ಹಳಿಯನ್ನು ಕೂಡಿತು. ಹೀಗಾಗಿ ನಮ್ಮ ಕನ್ನಡ ಸೀಮೆ ಮುಂಬಯಿ ಮದ್ರಾಸಗಳ ನಡುವಿನ ಹೆದ್ದಾರಿಯ ಮೇಲೆ ಬಂತು. ಅದೇ ಹೊತ್ತಿಗೆ, 1861ರಿಂದ 1865ರವರೆಗೆ, ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ವಿಲಾಯತಿಯ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಿತು. ನಮ್ಮ ನಾಡಿನ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂಬಯಿಯ ಪೇಟೆ ಹಣದಿಂದ ತುಂಬಿತು, ಯುದ್ಧ ನಿಂತೊಡನೆ ದಿವಾಳಿಯೂ ಎದ್ದಿತು. ಏರಿದ ಧಾರಣೆಯನ್ನು ನೆಚ್ಚಿ ಕುಳಿತವರು ಮುಳುಗಿದರು. ಆದರೆ ಬಂದರು, ಹಳಿ, ಗಿರಣಿಗಳು ಉಳಿದವು. ಸೊಲ್ಲಾಪುರದ ಮೊದಲ ಗಿರಣಿ, ನಾವು 'ಜುನಿ ಮಿಲ್' ಎನ್ನುವುದು, 1877ರಲ್ಲಿ ಎದ್ದದ್ದು ಈ ಹಳಿಯ ಬಲದಿಂದಲೇ.

ನಮ್ಮ ಸಮಾಜದ ಒಂದು ಹೆಸರನ್ನು ಇಲ್ಲಿ ಹೇಳಲೇಬೇಕು. ಶೇಠ ವಾಲಚಂದ ಹಿರಾಚಂದ ದೋಶಿಯವರು 1882ರಲ್ಲಿ ಸೊಲ್ಲಾಪುರದ ದಿಗಂಬರ ಜೈನ ಮನೆತನದಲ್ಲಿ ಹುಟ್ಟಿದವರು. ಹಡಗು, ವಿಮಾನ, ಮೋಟಾರು ಕಾರಖಾನೆಗಳಿಂದ ಅವರ ಹೆಸರು ದೇಶಕ್ಕೆಲ್ಲ ಗೊತ್ತು. ಬೆಂಗಳೂರಿನಲ್ಲಿ 1940ರಲ್ಲಿ ಹಿಂದುಸ್ತಾನ್ ವಿಮಾನ ಕಾರಖಾನೆ ಹಾಕಿದವರೂ ಅವರೇ. ಆದರೆ ಮನೆಯ ಹಳೆಯ ವ್ಯಾಪಾರ ಬಿಟ್ಟು ಅವರು ಮೊದಲು ಕೈ ಹಾಕಿದ್ದು ರೇಲ್ವೆ ಗುತ್ತಿಗೆಗೆ. ಬಾರ್ಶಿಯ ಸಣ್ಣ ಹಳಿಯ ಕೆಲಸದಿಂದ ಆರಂಭಿಸಿ, ಮುಂದೆ ಭೋರಘಾಟದ ಬೋಗದೆಗಳ ಕೆಲಸದವರೆಗೂ ಹೋದರು. ಘಟ್ಟದ ಕತ್ತಲೆಯಲ್ಲಿ ಗಾಡಿ ಹೊಕ್ಕಾಗ ಮಕ್ಕಳಿಗೆ ಈ ಮಾತು ಹೇಳಬೇಕು.

ಹತ್ತು ವರ್ಷದ ಕೆಲಸ

ಈಗಿನ ಕಟ್ಟಡದ ಕೆಲಸ ಹಿಡಿದದ್ದು 1878ರಲ್ಲಿ, ಮುಗಿದದ್ದು 1888ರಲ್ಲಿ. ನಕಾಶೆ ಮಾಡಿದವರು ಫ್ರೆಡರಿಕ್ ವಿಲಿಯಂ ಸ್ಟೀವನ್ಸ್. ಖರ್ಚು ಅಂದಿನ ಹದಿನಾರು ಲಕ್ಷ ರೂಪಾಯಿಗೂ ಮೇಲೆ. ನಡುವೆ 1887ರಲ್ಲಿ ವಿಕ್ಟೋರಿಯಾ ರಾಣಿ ಪಟ್ಟವೇರಿ ಐವತ್ತು ವರ್ಷ ತುಂಬಿದಾಗ ಅವಳ ಹೆಸರನ್ನಿಟ್ಟರು. ರಸ್ತೆಯಾಚೆಗಿನ ಮಹಾನಗರಪಾಲಿಕೆಯ ಕಟ್ಟಡವೂ ಇದೇ ಸ್ಟೀವನ್ಸರ ನಕಾಶೆಯದು, 1893ರಲ್ಲಿ ಮುಗಿದದ್ದು.

ಶೈಲಿ ವಿಲಾಯತಿಯ ಗೋಥಿಕ್ ಎಂದು ತಿಳಿದವರು ಹೇಳುತ್ತಾರೆ. ಆದರೆ ಗುಮ್ಮಟ, ಕಮಾನು, ಜಾಲಂದ್ರಗಳಲ್ಲಿ ನಮ್ಮ ಅರಮನೆಗಳ ಛಾಯೆ ಎದ್ದು ಕಾಣುತ್ತದೆ. ನಡುವಿನ ಎಂಟು ಮೂಲೆಯ ಗುಮ್ಮಟವನ್ನು ಕೆಳಗಿನಿಂದ ಕಟ್ಟಿಗೆಯ ಆಧಾರ ಕೊಡದೆ, ಕಲ್ಲಿನ ಪಕ್ಕೆಗಳನ್ನು ಒಂದರೊಳಗೊಂದು ಸಿಗಿಸಿ ಏರಿಸಿದ್ದಾರೆ. ಗುಮ್ಮಟದ ತುದಿಗೆ ನಿಂತ ಹೆಣ್ಣುಮೂರ್ತಿ 'ಪ್ರಗತಿ'ಯದು. ಒಂದು ಕೈಯಲ್ಲಿ ಪಂಜು, ಇನ್ನೊಂದು ಕೈಯಲ್ಲಿ ಗಾಲಿ. ಗೇಟಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಒಂದು ಕಡೆ ಹುಲಿ. ಸಿಂಹ ಇಂಗ್ಲಂಡದ್ದು, ಹುಲಿ ಹಿಂದುಸ್ತಾನದ್ದು. ನನ್ನ ತಂದೆ ನನಗೆ ಹುಲಿಯ ಗುರುತನ್ನೇ ಯಾಕೆ ಹೇಳಿದರೆಂದು ನಾನು ಬಹಳ ವರ್ಷಗಳ ಮೇಲೆ ತಿಳಿದೆ. ನವಿಲು, ಮಂಗ, ಬಳ್ಳಿಗಳ ಕೆತ್ತನೆಯಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳ ಕೈವಾಡವಿದೆ. ಗಡಿಯಾರದ ಕೆಳಗಿನ ಗೂಡಿನಲ್ಲಿ ರಾಣಿಯ ಮೂರ್ತಿ ಇತ್ತು. ಸ್ವಾತಂತ್ರ್ಯದ ನಂತರ ಅದು ಹೋಯಿತು, ಗೂಡು ಬರಿದೇ ಉಳಿದಿದೆ. ಗಡಿಯಾರ ಮಾತ್ರ ಇದೆ.

ಜನರು ಇದನ್ನು ಸ್ಟೇಶನ್ನಿನ ಮುಖ ಎಂದು ತಿಳಿದಿದ್ದಾರೆ. ನಿಜವಾಗಿ ಗುಮ್ಮಟದ ಕೆಳಗಿನ ಭಾಗ ರೇಲ್ವೆಯ ಕಚೇರಿ. ಮೊದಲು ಜಿ.ಐ.ಪಿ. ಕಂಪನಿಯದಾಗಿತ್ತು, 1951ರಿಂದ ಮಧ್ಯ ರೇಲ್ವೆಯ ಮುಖ್ಯ ಕಚೇರಿ. ಅದರ ಎಡಕ್ಕಿರುವ ಟಿಕೀಟು ಹಾಲಿಗೆ 'ಸ್ಟಾರ್ ಚೇಂಬರ್' ಎನ್ನುತ್ತಾರೆ. ಟಿಕೀಟಿಗೆ ಪಾಳಿ ನಿಂತಾಗ ಒಮ್ಮೆ ತಲೆಯೆತ್ತಿ ಮೇಲೆ ನೋಡಬೇಕು, ಹೆಸರು ಯಾಕೆಂದು ತಿಳಿಯುತ್ತದೆ. ಹಳಿಗಳು ಇಲ್ಲಿಗೆ ಬಂದು ಮುಗಿಯುತ್ತವೆ, ಮುಂದೆ ದಾರಿಯಿಲ್ಲ. ಈಗ ಒಟ್ಟು 18 ಪ್ಲಾಟ್‌ಫಾರ್ಮುಗಳು. 1ರಿಂದ 7ರವರೆಗೆ ಲೋಕಲ್ ಗಾಡಿಗಳಿಗೆ, ಉಳಿದ 11 ದೂರದ ಗಾಡಿಗಳಿಗೆ. ದೂರದ ಗಾಡಿಗಳ ಹಾಲು 1929ರಲ್ಲಿ ಸೇರಿಸಿದ್ದು. ದೇಶದ ಮೊದಲ ವಿದ್ಯುತ್ ಗಾಡಿ 1925ರ ಫೆಬ್ರವರಿ 3ರಂದು ಇಲ್ಲಿಂದಲೇ ಕುರ್ಲಾಕ್ಕೆ ಹೋಯಿತು. ಲೋಕಲ್ ಗಾಡಿಗೆ ಎರಡೂ ತುದಿಗೆ ಚಾಲಕನ ಕೋಣೆಯಿರುವುದರಿಂದ ಇಂಜಿನ್ನು ತಿರುಗಿಸುವ ಗೋಜಿಲ್ಲ. ಬಂದ ದಾರಿಯಲ್ಲೇ ಕೆಲವು ನಿಮಿಷದಲ್ಲಿ ಹೊರಟುಬಿಡುತ್ತದೆ. ದಿನಕ್ಕೆ ಲಕ್ಷಗಟ್ಟಲೆ ಜನರನ್ನು ಈ ಸ್ಟೇಶನ್ನು ಸಾಗಿಸುವ ಗುಟ್ಟು ಇದೇ.

1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಎಂದು ಹೆಸರಾಯಿತು. 2004ರಲ್ಲಿ ಯುನೆಸ್ಕೋ ಜಾಗತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. 2017ರಲ್ಲಿ ಹೆಸರಿಗೆ 'ಮಹಾರಾಜ' ಸೇರಿತು.

ಆ ರಾತ್ರಿ

ಇನ್ನು ಹೇಳಬೇಕಾದ ಮಾತಿಗೆ ಬರುತ್ತೇನೆ. 2008ರ ನವೆಂಬರ್ 26. ನನ್ನ ತಮ್ಮನ ಮಗ ಮಾರ್ಕೆಟ್ಟಿನ ಲೆಕ್ಕ ಮುಗಿಸಲು ಮುಂಬಯಿಗೆ ಹೋಗಿದ್ದ. ಘಾಟಕೋಪರದ ಸಂಬಂಧಿಕರ ಮನೆಯಲ್ಲಿ ಸಂಜೆಯ ಊಟ ಮುಗಿಸಿ, ರಾತ್ರಿಯ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿಗೆ ಸಿ.ಎಸ್.ಟಿ.ಗೆ ಹೊರಟಿದ್ದ. ಹತ್ತು ಗಂಟೆಯ ಸುಮಾರಿಗೆ ನಮ್ಮ ಮನೆಯ ಟಿ.ವಿ.ಯಲ್ಲಿ ಸುದ್ದಿ ಬಂತು: ಸ್ಟೇಶನ್ನಿನಲ್ಲಿ ಗುಂಡು ಹಾರುತ್ತಿವೆ. ಅವನ ಮೊಬೈಲು ಹತ್ತಲಿಲ್ಲ. ಘಾಟಕೋಪರಕ್ಕೆ ಹಚ್ಚಿದರೆ, 'ಒಂಬತ್ತಕ್ಕೇ ಮನಿ ಬಿಟ್ಟಾನ್ರಿ' ಎಂದರು.

ತೀರ್ಥರೂಪರಿಗೆ ಆಗ ಎಂಬತ್ತೊಂದು ವರ್ಷ. ಹಾಸಿಗೆಯಿಂದ ಎದ್ದು ಬಂದು ಟಿ.ವಿ. ಮುಂದೆ ಕುಳಿತರು. ಯಾರೂ ಮಾತಾಡುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದು ಕೇಳಿದರು: 'ಅಂವ ಗಡಿಯಾರದ ಕೆಳಗ ಹೋಗಿ ನಿಂತಾನೇನಪಾ?' ನನಗೆ ಉತ್ತರ ಬರಲಿಲ್ಲ. ಗದ್ದಲವಾದರೆ ಅಲ್ಲಿ ಹೋಗಿ ನಿಲ್ಲು, ಅಲುಗಾಡಬೇಡ ಎಂದು ಆ ಹುಡುಗನಿಗೆ ಸಣ್ಣವನಿದ್ದಾಗಿನಿಂದ ಹೇಳಿದವರು ಅವರೇ. 'ನಾನ ಕಲಿಸಿದ್ದು, ನಾನ ಕಲಿಸಿದ್ದು' ಎಂದು ಎರಡು ಸಲ ಅಂದರು. ಆಮೇಲೆ ಕಣ್ಣು ಮುಚ್ಚಿ ಣಮೋಕಾರ ಹೇಳುತ್ತ ಬೆಳಗಿನವರೆಗೆ ಕುಳಿತರು. ನನ್ನ ತಮ್ಮನ ಹೆಂಡತಿ ದೇವರ ಕೋಣೆ ಬಿಟ್ಟು ಹೊರಗೆ ಬರಲಿಲ್ಲ.

ಬೆಳಗಿನ ಐದಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಹುಡುಗನದೇ ಧ್ವನಿ. ಮಸ್ಜಿದ್ ಬಂದರ ಕಡೆಯ ಒಬ್ಬ ಕಿರಾಣಿ ವ್ಯಾಪಾರಿ ಶಟರು ಅರ್ಧ ಎತ್ತಿ, ಓಡಿ ಬಂದ ಇಪ್ಪತ್ತು ಜನರನ್ನು ಚೀಲಗಳ ನಡುವೆ ಕೂಡ್ರಿಸಿಕೊಂಡಿದ್ದರಂತೆ. ಯಾವ ಜಾತಿ, ಯಾವ ಊರು ಎಂದು ಕೇಳಲಿಲ್ಲವಂತೆ. ಮೊಬೈಲುಗಳೆಲ್ಲ ಸತ್ತಿದ್ದರಿಂದ ಬೆಳಿಗ್ಗೆ ತಮ್ಮ ಅಂಗಡಿಯ ಫೋನು ಕೊಟ್ಟರು.

ನಡೆದದ್ದು ಇಷ್ಟು. ಅವನ ಲೋಕಲ್ ಗಾಡಿ ನಿಂತಾಗ ದೂರದ ಗಾಡಿಗಳ ಹಾಲಿನ ಕಡೆಯಿಂದ ಸಪ್ಪಳ ಕೇಳುತ್ತಿತ್ತು. ಪಟಾಕಿ ಇರಬೇಕೆಂದು ಕೆಲವರು ಆ ಕಡೆಗೇ ನಡೆದರು. ಇವನೂ ಮುಂದೆ ಹೋಗಿ, ಹೊರಗೆ ಬಿದ್ದು, ಗಡಿಯಾರದ ಕಡೆ ಹೋಗಬೇಕೆಂದು ಹೊರಟಿದ್ದ. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಒಬ್ಬರ ಧ್ವನಿ ಮತ್ತೆ ಮತ್ತೆ ಕೇಳಿತು: ಮುಂದೆ ಬರಬೇಡಿ, ಹಿಂಬದಿಯಿಂದ ಹೊರಗೆ ಹೋಗಿ. ಆ ಧ್ವನಿ ರೇಲ್ವೆಯ ಉದ್ಘೋಷಕ ವಿಷ್ಣು ಝೆಂಡೆಯವರದು. ಗುಂಡು ಹಾರುವುದು ಕಾಣುತ್ತಿದ್ದರೂ ತಮ್ಮ ಕೋಣೆ ಬಿಡದೆ ಹಿಂದಿ ಮರಾಠಿಗಳಲ್ಲಿ ಹೇಳುತ್ತಲೇ ಇದ್ದರು. ಆ ರಾತ್ರಿ ಸ್ಟೇಶನ್ನಿನಲ್ಲಿ 58 ಜನ ಸತ್ತರು. ದೂರದೂರಿನ ಗಾಡಿಗಾಗಿ ಗಂಟುಮೂಟೆ ಇಟ್ಟುಕೊಂಡು ಕುಳಿತ ಬಡವರೇ ಅವರಲ್ಲಿ ಹೆಚ್ಚು. ಆ ಧ್ವನಿ ಇಲ್ಲದಿದ್ದರೆ ಸಂಖ್ಯೆ ಎಷ್ಟಾಗುತ್ತಿತ್ತೋ.

ಮೂರನೆಯ ದಿನ ಹುಡುಗ ಮನೆಗೆ ಬಂದ. ಅಜ್ಜನ ಕಾಲಿಗೆ ಬಿದ್ದು, 'ಅಜ್ಜಾ, ನೀವು ಹೇಳಿದ್ದು ಮೀರಿದೆ' ಎಂದ. ತೀರ್ಥರೂಪರು ಅವನ ಮುಖವನ್ನು ಮುಟ್ಟಿ ನೋಡಿದರು. 1977ರಲ್ಲಿ ನನ್ನ ಮುಖ ಮುಟ್ಟಿದ ಹಾಗೆಯೇ. 'ಮೀರಿದ್ದಕ್ಕ ಮನಿಗಿ ಬಂದಿ. ನಾ ಹೇಳಿದ್ದು ಒಂದ ಕಾಲಕ್ಕ. ಎದುರಿಗಿದ್ದು ನೋಡಿ ಹೇಳಾಂವನ ಮಾತು ದೊಡ್ಡದು. ಹಿರ್‍ಯಾರು ಹೇಳ್ಯಾರಂತ ಕಣ್ಣು ಮುಚ್ಚಿ ನಿಂದ್ರಬಾರದು' ಎಂದರು. ಜೀವನವೆಲ್ಲ ತಮ್ಮ ಮಾತಿಗೆ ಎರಡನೆಯ ಮಾತು ಇಲ್ಲವೆಂದು ನಡೆದ ಮನುಷ್ಯ. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡರು.

ಈಗ

ಈಗ ಅರಿವೆ ಖರೀದಿಗೆ ಮುಂಬಯಿಗೆ ಹೋಗಲೇಬೇಕೆಂದಿಲ್ಲ. ನಮೂನೆ ಮೊಬೈಲಿನಲ್ಲಿ ಬರುತ್ತವೆ, ರೊಕ್ಕ ಮೊಬೈಲಿನಲ್ಲಿ ಹೋಗುತ್ತದೆ, ಗಂಟುಗಳು ಲಾರಿಯಲ್ಲಿ ಬರುತ್ತವೆ. ರೇಲ್ವೆ ಬಿಲ್ಟಿ ಹಿಡಿದು ಪಾರ್ಸಲ್ ಆಫೀಸಿನ ಮುಂದೆ ನಿಂತ ದಿನಗಳು ನನ್ನ ಮಗನಿಗೇ ನೆನಪಿಲ್ಲ. ಆದರೆ 2023ರ ಫೆಬ್ರವರಿ 10ರಂದು ಮುಂಬಯಿ ಸೊಲ್ಲಾಪುರಗಳ ನಡುವೆ ವಂದೇ ಭಾರತ ಗಾಡಿ ಸುರುವಾದಾಗ, ಮೊಮ್ಮಗನನ್ನು ಕರೆದುಕೊಂಡು ಒಮ್ಮೆ ಹೋಗಿಬಂದೆ. ಬೆಳಿಗ್ಗೆ ಸೊಲ್ಲಾಪುರ ಬಿಟ್ಟು ಮಧ್ಯಾಹ್ನಕ್ಕೆ ಮುಂಬಯಿ. 455 ಕಿಲೋಮೀಟರ್ ಹಗಲಿನಲ್ಲೇ ಮುಗಿಯಿತು, ಊಟದ ನಿಯಮಕ್ಕೂ ಅಡ್ಡಿಯಾಗಲಿಲ್ಲ.

ಪ್ಲಾಟ್‌ಫಾರ್ಮಿನಲ್ಲಿ ಬೆಂಗಳೂರಿನ ಉದ್ಯಾನ ಎಕ್ಸ್‌ಪ್ರೆಸ್ಸಿನವರ ಕನ್ನಡ ಕೇಳಿ ಮೊಮ್ಮಗ ನಕ್ಕ. ಹೊರಗೆ ಬಂದು ಅವನಿಗೆ ಶಂಕರಶೇಟರ ಮುಖ ತೋರಿಸಿದೆ, ಪಂಜು ಹಿಡಿದ ಪ್ರಗತಿಯನ್ನು ತೋರಿಸಿದೆ, ಬರಿದಾದ ಗೂಡನ್ನು ತೋರಿಸಿದೆ. ಹುಲಿಯ ಕೆಳಗೆ ನಿಲ್ಲಿಸಿ ಎರಡೂ ಕತೆ ಹೇಳಿದೆ. 'ಹಂಗಾರ ತಪ್ಪಿಸಿಕೊಂಡ್ರ ಏನ ಮಾಡ್ಲಿ ಅಜ್ಜಾ?' ಎಂದು ಕೇಳಿದ. 'ಇಲ್ಲೇ ಬಂದು ನಿಂದ್ರು. ಆದರ ಕಿವಿ ತೆರದು ನಿಂದ್ರು' ಎಂದೆ.

ವಾಚಕ ಬಂಧುಗಳು ಮುಂದಿನ ಸಲ ಅಲ್ಲಿ ಇಳಿದಾಗ ಟ್ಯಾಕ್ಸಿಗೆ ಓಡುವ ಮೊದಲು ಹದಿನೈದು ನಿಮಿಷ ಆ ಗಡಿಯಾರದ ಕೆಳಗೆ ನಿಲ್ಲಬೇಕೆಂದು ನನ್ನ ವಿನಂತಿ. ಮಕ್ಕಳಿಗೆ ಕೆತ್ತನೆಗಳನ್ನು ತೋರಿಸಿರಿ. ಕಟ್ಟಿದವರನ್ನು ನೆನೆಯಿರಿ, ಘಟ್ಟದಲ್ಲಿ ಸತ್ತವರನ್ನೂ, ಆ ರಾತ್ರಿ ಮನೆಗೆ ಮುಟ್ಟದವರನ್ನೂ ನೆನೆಯಿರಿ. ಶಟರು ಅರ್ಧ ಎತ್ತಿದ ಆ ವ್ಯಾಪಾರಿಯ ಹೆಸರನ್ನು ಗಾಬರಿಯಲ್ಲಿ ನಮ್ಮ ಹುಡುಗ ಕೇಳಲೇ ಇಲ್ಲ. ಅವರಿಗೆ ಈ ಬರಹದ ಮೂಲಕವೇ ನಮ್ಮ ಮನೆತನದ ಕೈಮುಗಿತ.